ಎಲ್ಲರಿಗೂ ಕೊಟ್ಟ ಒಂದೇ ಲಿಂಕ್

ಲೂಸಿಯಾ ಬಾಯಿಯವರ ಹಾಡು ಹೊರಗೆ ಹೋದದ್ದು ನನ್ನ ಕಂಪ್ಯೂಟರಿನಿಂದ. ಅವರ ಮಗ ಜುಜೆಯ ಫೋನಿನಿಂದ ಅಲ್ಲ. ಈ ಒಂದು ಮಾತನ್ನು ನಾನು ನಾಲ್ಕು ವರ್ಷಗಳ ಹಿಂದೆಯೇ ಹೇಳಬೇಕಾಗಿತ್ತು. ಕೇಳಿದವರಿದ್ದರು, ಹೇಳಲು ಸಮಯವೂ ಇತ್ತು — ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಅಲ್ಲ, ಸುಳ್ಳು ಹೇಳಿದೆ.

ನಾನು ದಾಂಡೇಲಿಯವಳು. ಅಪ್ಪ ಧಾರವಾಡದ ಕಡೆಯಿಂದ ಬಂದು ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡಿದವರು. ನಮ್ಮ ಮನೆತನದಲ್ಲಿ ಪದವಿಯ ತನಕ ಓದಿದವಳು ನಾನೊಬ್ಬಳೇ. ಓದಿದ್ದು ಕಂಪ್ಯೂಟರ್. ಕೆಲಸ ಸಿಗುವ ತನಕ ಇರಲಿ ಎಂದು ಮನೆಯಲ್ಲೇ ಒಂದು ಸಣ್ಣ ಉದ್ಯೋಗ ಹಿಡಿದಿದ್ದೆ. ಹಳಿಯಾಳ, ಮುಂಡಗೋಡ ಕಡೆಯ ಸ್ಟುಡಿಯೋದವರು ಮದುವೆಯ ವಿಡಿಯೋಗಳನ್ನು ನನಗೆ ತಂದುಕೊಡುತ್ತಿದ್ದರು. ಇಮೇಲಿನಲ್ಲಿ ಹೋಗದಷ್ಟು, ವಾಟ್ಸಾಪಿನಲ್ಲಿ ಕಳಿಸಲಾಗದಷ್ಟು ದೊಡ್ಡ ಫೈಲುಗಳವು. ಅವುಗಳನ್ನು ನನ್ನ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇಟ್ಟು, ಆ ಫೋಲ್ಡರನ್ನು ಇಂಟರ್‌ನೆಟ್ಟಿಗೆ ತೆರೆದು, ದೂರದ ಊರಿನ ನೆಂಟರಿಗೆ ಲಿಂಕ್ ಕಳಿಸುತ್ತಿದ್ದೆ. ಅವರು ಅಲ್ಲಿ ಕುಳಿತು ಇಳಿಸಿಕೊಳ್ಳುತ್ತಿದ್ದರು. ಅದು ಮುಗಿಯುವವರೆಗೆ ನಮ್ಮ ಮನೆಯಲ್ಲಿ ಕಂಪ್ಯೂಟರ್ ಆರಿಸುವಂತಿಲ್ಲ. ಅಪ್ಪ ಅದರ ಮುಂದೆ ಹಾದುಹೋಗುವಾಗಲೆಲ್ಲ, "ಇದೂ ನನ್ಹಂಗ ಮೂರೂ ಶಿಫ್ಟ್ ದುಡಿತೈತಿ ನೋಡ. ಆದರ ಇದಕ್ಕ ವಾರದ ರಜಾನೂ ಇಲ್ಲ," ಎನ್ನುತ್ತಿದ್ದರು.

ನಿಯಮದಂತೆ ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕ್ ಕೊಡಬೇಕು, ಪಾಸ್‌ವರ್ಡ್ ಇಡಬೇಕು. ಮೊದಮೊದಲು ಇಟ್ಟಿದ್ದೆ. ಜನರಿಗೆ ಫೋನಿನಲ್ಲಿ ಅದನ್ನು ಹೊಡೆಯಲು ಬರುತ್ತಿರಲಿಲ್ಲ. "ದೊಡ್ಡ ಅಕ್ಷರ ಯಾವ್ದು, ಸಣ್ಣದು ಯಾವ್ದರೀ?" ಎಂದು ದಿನವಿಡೀ ಕರೆಗಳು. ಬೇಸತ್ತು ಪಾಸ್‌ವರ್ಡ್ ತೆಗೆದೆ. ಆಮೇಲೆ ಪ್ರತಿಯೊಬ್ಬರಿಗೂ ಹೊಸ ಲಿಂಕ್ ಮಾಡುವುದನ್ನೂ ಬಿಟ್ಟೆ. ಒಂದೇ ಫೋಲ್ಡರು, ಒಂದೇ ಲಿಂಕು — "ನಿಮ್ಮ ಹೆಸರಿನದನ್ನು ನೋಡಿ ಇಳಿಸಿಕೊಳ್ಳಿ" ಎಂದು ಎಲ್ಲರಿಗೂ ಹೇಳಿಬಿಡುತ್ತಿದ್ದೆ. ಮಂದಿ ಪಕ್ಕದವರ ಮದುವೆಯನ್ನೂ ನೋಡುತ್ತಿದ್ದರು. ನೋಡಿದರೆ ಏನಾಯಿತು, ಮದುವೆಯಲ್ಲವೇ — ಎಂದುಕೊಂಡಿದ್ದೆ.

ಲೂಸಿಯಾ ಬಾಯಿಯವರ ಹಿರಿಯ ಮಗಳು ರೀಟಾ ಹಳಿಯಾಳದ ಪಿಯು ಕಾಲೇಜಿನಲ್ಲಿ ನನ್ನ ಗೆಳತಿ. ಸಿದ್ದಿ ಕುಟುಂಬ, ಹಳಿಯಾಳದಿಂದ ಮುಂದೆ, ಕಾಡಿನಂಚಿನ ಊರು. ಪರೀಕ್ಷೆಯ ದಿನಗಳಲ್ಲಿ ನಾನು ಅವರ ಮನೆಯಲ್ಲಿ ವಾರಗಟ್ಟಲೆ ಉಂಡಿದ್ದೇನೆ. ಲೂಸಿಯಾ ಬಾಯಿ ಆ ಊರಿನ ಹೆಂಗಸರ ಹಾಡಿನ ಮುಂದಾಳು. ಡಮಾಮ್ ಡೋಲು ಬಡಿಯಲು ಕುಳಿತವರು ಅವರ ದನಿ ಏಳುವವರೆಗೆ ಕೈ ಎತ್ತುತ್ತಿರಲಿಲ್ಲ. ಆ ಗಂಟಲಿಗೇ ರೋಗ ಬಂತು. ಮೊದಲ ಆಪರೇಶನ್ ಆದ ಮೇಲೆ ದನಿ ಒಡೆಯಿತು. ಎರಡನೆಯದರಲ್ಲಿ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಮುಂಚೆಯೇ ತಿಳಿಸಿದ್ದರು.

ರೀಟಾ ಆಗ ಕುವೈತಿನಲ್ಲಿ ನರ್ಸ್. ರಜೆ ಸಿಗಲಿಲ್ಲ. ಆದ್ದರಿಂದ ತಾಯಿ ತಮಗೆ ಬರುವ ಹಾಡುಗಳನ್ನೆಲ್ಲ ಮಗಳಿಗಾಗಿ ಹಾಡಿದರು — ಆ ಒಡೆದ ದನಿಯಲ್ಲಿ, ಎರಡು ದಿನ, ನಿಲ್ಲಿಸಿ ನಿಲ್ಲಿಸಿ. ಜುಜೆ ಫೋನಿನಲ್ಲಿ ವಿಡಿಯೋ ಮಾಡಿದ. ಮೂರು ಗಂಟೆಗೂ ಮೀರಿದ ಆ ವಿಡಿಯೋವನ್ನು ಕಳಿಸಲು ತಾಯಿ, ಮಗ ಇಬ್ಬರೂ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು. ಲೂಸಿಯಾ ಬಾಯಿ ಸೆರಗಿನಿಂದ ಕೊರಳು ಮುಚ್ಚಿಕೊಂಡು ಕುಳಿತಿದ್ದರು. ಹೊರಡುವಾಗ ನನ್ನ ಕೈ ಹಿಡಿದು ಹೇಳಿದರು — ಮಾತು ಅರ್ಧ ಗಾಳಿಯಾಗಿ ಬರುತ್ತಿತ್ತು:

"ಶೋಭಾ, ಈ ದನಿ ರೀಟಾಗಷ್ಟ. ಬ್ಯಾರೆ ಯಾರ ಕಿವೀಗೂ ಬೀಳಬಾರ್ದವಾ. ಊರಾಗ ನನ್ನ ಹಳೇ ದನಿ ಇರಲಿ."

"ನೀವು ಚಿಂತಿ ಮಾಡಬ್ಯಾಡ್ರಿ," ಎಂದೆ. ಅವರು ಬೀದಿಯ ತಿರುವು ದಾಟುವ ಮೊದಲೇ ಆ ವಿಡಿಯೋವನ್ನು ಅದೇ ಫೋಲ್ಡರಿಗೆ ಹಾಕಿದ್ದೆ. ಬೇರೆ ಫೋಲ್ಡರ್ ಮಾಡಲು ಹತ್ತು ನಿಮಿಷ ಸಾಕಾಗಿತ್ತು. ಆ ವೇಳೆಗೆ ಎರಡು ಮದುವೆಗಳ ಫೈಲುಗಳು ಹೋಗುತ್ತಿದ್ದವು, ಅವನ್ನು ನಿಲ್ಲಿಸಿದರೆ ಮತ್ತೆ ಮೊದಲಿಂದ... ಇರಲಿ. ಕಾರಣ ಕೊಡಲು ಕುಳಿತಿಲ್ಲ. ಫೈಲಿಗೆ ಹೆಸರು ಮಾತ್ರ ಅಚ್ಚುಕಟ್ಟಾಗಿ ಬರೆದಿದ್ದೆ: ಲೂಸಿಯಾ ಬಾಯಿ, ಹಾಡುಗಳು. ಎಂಥವರ ಕಣ್ಣಿಗೂ ಬೀಳುವಂತೆ.

ರೀಟಾಳ ಹಾಸ್ಟೆಲಿನಲ್ಲಿ ನೆಟ್ ನಿಧಾನ. ಇಲ್ಲಿ ಕರೆಂಟು ಹೋದಾಗಲೆಲ್ಲ ತುಂಡಾಗುತ್ತಿತ್ತು. ಪೂರ್ತಿ ಇಳಿಯಲು ಎಂಟು ದಿನ ಬೇಕಾಯಿತು. ಆ ಎಂಟು ದಿನಗಳಲ್ಲಿ ಒಂದು ಮದುವೆ ಮನೆಯವರು ನನ್ನ ಲಿಂಕನ್ನು ತಮ್ಮ ಬಳಗದ ಗ್ರೂಪಿಗೇ ಹಾಕಿದ್ದರು.

ಆಮೇಲಿನದನ್ನು ಹೇಳಿದವನು ಜುಜೆ. ಒಂದು ಮಧ್ಯಾಹ್ನ ಒಬ್ಬನೇ ಬಂದ. ಚಹಾ ಬೇಡವೆಂದ.

"ಅವ್ವ ಬಸ್ಸಿನಾಗ ಕೇಳ್ಯಾಳ, ಅಕ್ಕಾ. ಹಿಂದಿನ ಸೀಟಿನಾಗ ಯಾರೋ ಫೋನಿನ್ಯಾಗ ಹಚ್ಚಿದ್ರಂತ. ಹಾಡೂವಾಗ ಕೆಮ್ಮು ಬಂದು ದನಿ ಸೀಳ್ತಲ್ಲ, ಅಷ್ಟ ತುಂಡು ಕತ್ತರಿಸ್ಯಾರ. ನಗಾಕತ್ತಿದ್ರಂತ. ಅವ್ವ ತಿರುಗಿ ನೋಡ್ಲಿಲ್ಲಂತ."

ನಾನು ಕಂಪ್ಯೂಟರಿನ ಪರದೆ ಆರಿಸಿದೆ. ಅವನು ಮುಂದುವರಿಸಿದ:

"ನಾನ ದೋಸ್ತರಿಗೆ ಕೊಟ್ಟೇನಿ ಅಂತಾಳ. ನಾ ಯಾರಿಗೂ ಕೊಟ್ಟಿಲ್ಲ. ನಿಮ್ಮ ಕಂಪ್ಯೂಟರಿಂದ ಏನರ ಹೊರಗ ಹೋಗಿರಬಹುದೇನ್ರಿ? ಬೈಯಾಕ ಬಂದಿಲ್ಲ. ಅವ್ವಗ ಹೇಳಾಕ ಬೇಕು, ಅಷ್ಟ."

ಹಿಂದಿನ ದಿನವೇ ಆ ತುಣುಕು ನನ್ನ ಫೋನಿಗೂ ಬಂದಿತ್ತು. ಕಂಪ್ಯೂಟರಿನಲ್ಲಿ ದಾಖಲೆ ತೆಗೆದು ನೋಡಿದ್ದೆ. ಲೂಸಿಯಾ ಬಾಯಿಯವರ ವಿಡಿಯೋವನ್ನು ರೀಟಾ ಅಲ್ಲದೆ ಇನ್ನೂ ಒಂಬತ್ತು ಕಡೆಗಳಲ್ಲಿ ಇಳಿಸಿಕೊಂಡಿದ್ದರು. ಫೋಲ್ಡರನ್ನು ಮುಚ್ಚಿ, ದಾಖಲೆಯನ್ನು ಅಳಿಸಿದ್ದೆ. ಅಂದರೆ ಜುಜೆ ಕೇಳಿದಾಗ ನನಗೆ ಎಲ್ಲವೂ ತಿಳಿದಿತ್ತು.

"ಇಲ್ಲ ಜುಜೆ, ತಾಂತ್ರಿಕವಾಗಿ ಅದು ಸಾಧ್ಯವೇ ಇಲ್ಲ," ಎಂದೆ.

ಹೀಗೆಯೇ ಅಂದೆ — ನಮ್ಮ ಮಾತಿನಲ್ಲಿ ಅಲ್ಲ, ಪುಸ್ತಕದ ಮಾತಿನಲ್ಲಿ. ಅವನು ಏಳನೆಯ ತರಗತಿಗೇ ಶಾಲೆ ಬಿಟ್ಟು ಕಾಡಿನ ಕೂಲಿಗೆ ಹೋದವನು. ಆ ಮಾತಿನ ಎದುರು ಅವನು ಇನ್ನೊಂದು ಪ್ರಶ್ನೆ ಕೇಳಲಾರ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆರಿಸಿಕೊಂಡೆ. ಆ ತಿಂಗಳು ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ನನ್ನ ಹೆಸರು ಹೋಗಿತ್ತು. ನನ್ನಂಥವಳು ಒಂದು ತಪ್ಪು ಮಾಡಿದರೂ "ಇಷ್ಟು ಕಲತು ಏನ ಮಾಡಿದ್ಲು" ಎಂದು ಓಣಿಯೆಲ್ಲ ಅನ್ನುತ್ತದೆ ಎಂಬ ಹೆದರಿಕೆ. ಹೆದರಿಕೆ ನಿಜ. ಆದರೆ ಹೆದರಿದವಳು ನಾನು, ಶಿಕ್ಷೆ ಅನುಭವಿಸಿದವನು ಅವನು.

ಜುಜೆ "ಆತ್ರಿ" ಎಂದು ಎದ್ದುಹೋದ.

ಎರಡನೆಯ ಆಪರೇಶನ್ ಆಯಿತು. ಲೂಸಿಯಾ ಬಾಯಿ ಮತ್ತೆ ಮಾತಾಡಲಿಲ್ಲ. ಅದಕ್ಕೂ ಮೊದಲಿನ ಮೂರು ವಾರ ಅವರು ಮಗನೊಡನೆ ಮಾತು ಬಿಟ್ಟಿದ್ದರೆಂದು ರೀಟಾ ಎಷ್ಟೋ ದಿನಗಳ ಮೇಲೆ ಫೋನಿನಲ್ಲಿ ಹೇಳಿದಳು. ಅವನಿಗೆ ಅವರು ಆಡಿದ ಕೊನೆಯ ಮಾತು: "ನಿನ್ನ ನಂಬಿ ಹಾಡಿದ್ದೆ." ಊರಿನಲ್ಲಿ ಅವನಿಗೆ "ಅವ್ವನ ದನಿ ಮಾರಿದಾಂವ" ಎಂಬ ಹೆಸರು ಬಿತ್ತು. ನನಗೆ ಕೆಲಸ ಸಿಕ್ಕಿತು. ಮಕ್ಕಳಿಗೆ ಪಾಸ್‌ವರ್ಡ್ ಏಕೆ ಇಡಬೇಕೆಂದು ಕಲಿಸುತ್ತೇನೆ. ಕಲಿಸುವಾಗ ನನ್ನ ಮಾತು ಎಲ್ಲಿಯೂ ತಡವರಿಸುವುದಿಲ್ಲ — ಅದೇ ನನ್ನನ್ನು ದಣಿಸುತ್ತದೆ. ತಡವರಿಸಿದ್ದರೆ ಯಾರಾದರೂ ಕೇಳುತ್ತಿದ್ದರೇನೋ...

ಕಳೆದ ವಾರ ರೀಟಾ ಫೋನ್ ಮಾಡಿದ್ದಳು. ಜುಜೆಗೆ ಮದುವೆ ಗೊತ್ತಾಗಿದೆ. "ನನಗ ರಜಾ ಇಲ್ಲ, ಶೋಭಾ. ವಿಡಿಯೋ ಕಳಸು ಅಂದ್ರ, ಮನಿಯೊಳಗ ಕ್ಯಾಮೆರಾ ಬರೂ ಹಂಗಿಲ್ಲ ಅಂತಾನ. ನಿನ್ನ ಮಾತು ಕೇಳ್ತಾನ, ನೀ ಒಂದೀಟು ಹೇಳು." ನನ್ನ ಮಾತು ಕೇಳುತ್ತಾನೆ — ಅದನ್ನು ಕೇಳಿಸಿಕೊಂಡ ಮೇಲೆ ಶಾಲೆಗೆ ಹೋದೆ, ಬಂದೆ, ಉಂಡೆ. ಆದರೆ ಇನ್ನು ಹೊರಲಾರೆ ಅನ್ನಿಸಿತು. ನಿನ್ನೆ ಶನಿವಾರ ಶಾಲೆ ಮುಗಿಸಿ ಅವರೂರಿನ ಬಸ್ಸು ಹತ್ತಿದೆ.

ತಾಯಿ, ಮಗ ಇಬ್ಬರೂ ಮನೆಯಲ್ಲಿದ್ದರು. ಕೂರುವ ಮೊದಲೇ ಹೇಳಿದೆ. ಫೋಲ್ಡರು, ಲಿಂಕು, ಒಂಬತ್ತು ಮಂದಿ, ಅಳಿಸಿದ ದಾಖಲೆ — ಎಲ್ಲವನ್ನೂ ಅವರಿಗೆ ತಿಳಿಯುವ ಮಾತಿನಲ್ಲಿ. ಲೂಸಿಯಾ ಬಾಯಿ ನನ್ನ ಬಾಯನ್ನೇ ನೋಡುತ್ತಿದ್ದರು. ಜುಜೆ ನೆಲ ನೋಡುತ್ತಿದ್ದ. ಅವನು ಸಿಟ್ಟಾಗುತ್ತಾನೆಂದು ಸಿದ್ಧಳಾಗಿ ಹೋಗಿದ್ದೆ. ಅವನು ಸಿಟ್ಟಾಗಲಿಲ್ಲ.

"ನಾನ ಎಲ್ಲೋ ತಪ್ಪು ಒತ್ತಿರಬೇಕು ಅಂತ ತಿಳಕೊಂಡಿದ್ದೆ, ಅಕ್ಕಾ," ಎಂದ. "ನಿಮ್ಮ ಕಡಿಂದ ಆಗಂಗಿಲ್ಲ ಅಂದ್ರಿ. ಹಂಗಾದ್ರ ನನ್ನ ಫೋನ ಅಲ್ಲೇನು? ಅವತ್ತಿಂದ ಅವ್ವಗ 'ನಾನಲ್ಲ' ಅನ್ನೂದ ಬಿಟ್ಟೆ."

ಇದನ್ನು ನಾನು ಊಹಿಸಿರಲಿಲ್ಲ. ಅವನು ಸುಳ್ಳು ಆರೋಪ ಹೊತ್ತಿದ್ದಾನೆ ಎಂದಷ್ಟೇ ನನ್ನ ಲೆಕ್ಕವಾಗಿತ್ತು. ತಾನೇ ತಪ್ಪಿತಸ್ಥನೆಂದು ನಂಬಿ ನಾಲ್ಕು ವರ್ಷ ತಾಯಿಯ ಮುಂದೆ ತಲೆ ತಗ್ಗಿಸಿ ಬದುಕಿದ್ದ. ಇನ್ನೂ ತಾಯಿಗೆ ದನಿಯಿದ್ದ ಆ ಮೂರು ವಾರಗಳಲ್ಲಿ ಒಮ್ಮೆಯಾದರೂ ಗಟ್ಟಿಯಾಗಿ "ನಾನಲ್ಲ" ಎಂದಿದ್ದರೆ — ಅನ್ನದಂತೆ ಮಾಡಿದವಳು ನಾನು.

ಲೂಸಿಯಾ ಬಾಯಿ ಎದ್ದು ಮಗನ ಬಳಿಗೆ ಹೋದರು. ಎರಡೂ ಕೈಗಳಲ್ಲಿ ಅವನ ಮುಖ ಹಿಡಿದು ಮೇಲೆತ್ತಿದರು. ತುಟಿಗಳು ಬಹಳ ಹೊತ್ತು ಆಡಿದವು. ನನಗೆ ತಿಳಿಯಲಿಲ್ಲ, ಅವನು ತಲೆಯಾಡಿಸುತ್ತಿದ್ದ. ಅವರು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಹೊರಡುವಾಗ ಜುಜೆ ಬಾಗಿಲಿನವರೆಗೆ ಬಂದ.

"ಇದನ್ನ ಊರಾಗೂ ಹೇಳ್ತೀರೇನ್ರಿ? ನಾ ಹೇಳಿದ್ರ ಯಾರೂ ನಂಬಂಗಿಲ್ಲ."

"ಹೇಳ್ತೇನಿ."

"ಐತವಾರ ಚರ್ಚಿನ ಪೂಜಿ ಮುಗದ ಮ್ಯಾಲ ಎಲ್ಲಾರೂ ಅಂಗಳದಾಗ ನಿಂತಿರ್ತಾರ. ಆವಾಗ ಬರ್ರಿ."

ಆ ಭಾನುವಾರ ಇಂದೇ. ಅಪ್ಪನಿಗೆ ರಾತ್ರಿಯೇ ಎಲ್ಲವನ್ನೂ ಹೇಳಿದ್ದೇನೆ. ಅವರು ಊಟದ ತಟ್ಟೆ ಸರಿಸಿ ಎದ್ದರು. ಇದನ್ನು ಬರೆದು ಮುಗಿಸುವ ಹೊತ್ತಿಗೆ ಬೆಳಗಾಗಿದೆ. ಇನ್ನು ಬಸ್ಸಿಗೆ ಹೊರಡಬೇಕು. ಆ ಅಂಗಳದಲ್ಲಿ ನಿಂತು, ಮಾಡಿದವಳು ನಾನು, ತಿಳಿದೂ ಮುಚ್ಚಿಟ್ಟವಳು ನಾನು ಎಂದು ಹೇಳುತ್ತೇನೆ. ಅವರು ಏನು ಕೇಳಿದರೂ ಉತ್ತರ ಕೊಟ್ಟೇ ಬರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಲೂಸಿಯಾ ಬಾಯಿಯೂ ಅಲ್ಲಿ ಇರಬಹುದು. ಎಲ್ಲರಿಗಿಂತ ಮೊದಲು ನನಗೆ ಏನಾದರೂ ಅನ್ನಬೇಕಾದವರು ಅವರು. ಅವರಿಗೆ ಈಗ ಅನ್ನಲಾಗುವುದಿಲ್ಲ.