ಭಾವ ತೂಗಿಟ್ಟ ರೆಕ್ಕೆ

ನಮ್ಮ ಭಾವ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಮೂವತ್ತು ವರ್ಷ ಊರಿನವರ ತೂಕ ಸರಿ ಮಾಡಿದ ಮನುಷ್ಯ ತಮ್ಮ ಮಾತನ್ನೂ ಚಿನ್ನದ ಹಾಗೆ ತೂಗಿ ತೂಗಿ ಆಡುತ್ತಿದ್ದರು. ಕೇಳಿದರೆ ಅರ್ಧ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಆ ಗುಣದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮನೆ ಹಿಂದಿನ ಶೆಡ್ಡಿನಲ್ಲಿ ಒಂಬತ್ತು ವರ್ಷ ಕೂತು, ಒಬ್ಬರು ಹಾರುವಷ್ಟು ಪುಟ್ಟ ವಿಮಾನ ಕಟ್ಟಿದರು. "ನಿನ್ನ ಗಂಡಂಗೆ ತಲೆ ನೆಟ್ಟಗಿದೆಯಾ?" ಎಂದವರಿಗೆಲ್ಲ ಅಕ್ಕ, "ತಲೆ ಗೊತ್ತಿಲ್ಲ, ಕೈ ನೆಟ್ಟಗಿದೆ" ಅನ್ನುತ್ತಿದ್ದಳು. ಬಣ್ಣದ ಕೆಲಸ ನನ್ನ ಪಾಲಿಗೆ ಬಂತು. ನಾನು ಬೋರ್ಡು ಬರೆಯುವವನು. ಭಾವ ನನ್ನನ್ನು ಕರೆಯುತ್ತಿದ್ದದ್ದೇ 'ಬ್ರಷ್ಷು' ಎಂದು.

ಬಣ್ಣ ಒಣಗಿದ ಮೇಲೆ ಅವರು ರೆಕ್ಕೆಗಳ ಹಿಂದಿನ ಎರಡು ಹಲಗೆಗಳನ್ನು ಬಿಚ್ಚಿಕೊಂಡು ಕೂತರು. ಬಾಗಿಲಿನ ಹಾಗೆ ಕೀಲಿನ ಮೇಲೆ ಆಡುವ ಹಲಗೆಗಳು, ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವಂಥವು. ಒಂದೊಂದನ್ನೂ ಕೀಲಿರುವ ಕಡೆ ಎರಡು ಚಾಕುವಿನ ಅಲಗಿನ ಮೇಲೆ ಕೂರಿಸಿ, ಮುಂದಿನ ಅಂಚಿಗೆ ಸೀಸದ ತುಂಡು ಸೇರಿಸುತ್ತಾ, ಅರದಿಂದ ಉಜ್ಜುತ್ತಾ ಹೋದರು. ಹಲಗೆ ಹಿಂದಕ್ಕೂ ವಾಲದೆ ಮುಂದಕ್ಕೂ ವಾಲದೆ ನಿಂತ ಮೇಲೆಯೇ ಸೀಸಕ್ಕೆ ರಿವೆಟ್ ಹೊಡೆದರು. ಅದಕ್ಕೆ ಮೂರು ದಿನ ಹಿಡಿಯಿತು.

"ಇನ್ನು ಇದನ್ನ ಮುಟ್ಬೇಡ, ಬ್ರಷ್ಷು," ಅಂದರು.

"ಯಾಕೆ ಭಾವ?"

"ಬೇಡ ಅಂದ್ನಲ್ಲ."

ಹಾರುವ ಹಿಂದಿನ ದಿನ ಭಾವ ಪೆಟ್ರೋಲು ತರಲು ಹೋಗಿದ್ದರು. ಬಲಗಡೆ ಹಲಗೆಯ ಹಿಂದಿನ ಅಂಚು ತರಿತರಿಯಾಗಿ ನನ್ನ ಕಣ್ಣು ಚುಚ್ಚುತ್ತಿತ್ತು. ನಾಳೆ ಹತ್ತು ಜನ ನೋಡುವ ವಿಮಾನ, ಬಳಿದದ್ದು ನಾನು, ಹೀಗಿರಬಹುದೇ? ಉದ್ದಕ್ಕೂ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಎರಡು ಕೋಟು ಕೊಟ್ಟೆ. ಕನ್ನಡಿಯಂತಾಯಿತು. ಸಂಜೆ ಭಾವ ಅದರ ಪಕ್ಕದಲ್ಲೇ ಹಾದುಹೋದರು, ಗೊತ್ತಾಗಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಬೆಳಿಗ್ಗೆ ಊರಾಚೆಯ ಬಯಲಿನಿಂದ ವಿಮಾನ ಮೇಲೆದ್ದಾಗ ಅಕ್ಕ ಅತ್ತೇಬಿಟ್ಟಳು. ಎರಡು ಸುತ್ತು ನಿಧಾನವಾಗಿ ಬಂತು. ಪಕ್ಕದ ಮನೆಯಾಕೆ ಕೇಳಿದಳು, "ಅಲ್ಲ, ಹಾರೋ ರೆಕ್ಕೆಗೆ ಸೀಸ ಯಾಕೆ? ಭಾರ ಆಗಲ್ವಾ?"

ನನಗೆ ಹೇಳದ್ದನ್ನು ಭಾವ ಹೆಂಡತಿಗೆ ಹೇಳಿದ್ದರು.

"ಆ ಹಲಗೆ ಹಿಂಭಾರ ಆಗ್ಬಾರ್ದಂತೆ. ಹಿಂಭಾರ ಆಯ್ತು ಅಂದ್ರೆ, ಜೋರಾಗಿ ಹೋದಾಗ ತಾನಾಗೇ ನಡುಗೋಕೆ ಶುರುವಾಗುತ್ತಂತೆ, ಕಣ್ಣು ಮಿಟುಕಿಸೋದ್ರೊಳಗೆ ರೆಕ್ಕೆನೇ ಕಿತ್ಕೊಂಡು ಹೋಗುತ್ತಂತೆ. ಒಂದು ಕೋಟು ಬಣ್ಣ ಹೆಚ್ಚಾದ್ರೂ ಮತ್ತೆ ತೂಗ್ಬೇಕಂತೆ," ಅಂದಳು ಅಕ್ಕ. ಆಮೇಲೆ ಹೆಮ್ಮೆಯಿಂದ, "ಈಗ ಜೋರಾಗಿ ಒಂದು ಸುತ್ತು ಬರ್ತಾರೆ, ನೋಡಿ."

ನಾನು ಪುಟ್ಟಿ ಮೆತ್ತಿದ್ದು ಹಿಂದಿನ ಅಂಚಿಗೇ. ಬಯಲಿನ ನಡುವಿಗೆ ಓಡಿದೆ. ಎರಡೂ ಕೈ ಬೀಸಿದೆ, ಕೂಗಿದೆ, ಅಂಗಿ ಬಿಚ್ಚಿ ಬೀಸಿದೆ. ಭಾವ ಮೇಲಿನಿಂದ ನೋಡಿದರು. ನೋಡಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ರೆಕ್ಕೆ ವಾಲಿಸಿ ನನಗೆ ಉತ್ತರ ಕೊಟ್ಟರು. ಆಮೇಲೆ ಎಂಜಿನ್ನಿನ ಸದ್ದು ಏರಿತು. ಆ ಸದ್ದಿನೊಳಗೇ ಗಡಗಡ ಎಂದು ಇನ್ನೊಂದು ಸದ್ದು ಹುಟ್ಟಿತು.

ಬಣ್ಣದ ವಿಷಯ ಅಕ್ಕನಿಗೆ ಇವತ್ತಿಗೂ ಹೇಳಿಲ್ಲ. ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳುತ್ತಾಳೆ: "ಕಡೇ ಗಳಿಗೇಲಿ ನನ್ನ ತಮ್ಮ ಕುಣಿದು ಕುಣಿದು ಕೈ ಬೀಸಿದ. ಅವರು ಅದನ್ನ ನೋಡಿ ಖುಷಿಯಾಗೇ ಹೋದ್ರು." ನಾನು ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸುತ್ತೇನೆ.