ಸಂಜೆಯೊಳಗೆ ಇಳಿಸಬೇಕಿದ್ದ ಸೋಬಾನೆ

ಕೋವಿಡ್ ಮುಗಿದ ಮರುವರ್ಷ. ಚನ್ನಪಟ್ಟಣದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಮಧ್ಯಾಹ್ನ ಹೊಂಗನೂರಿನ ಜಯಲಕ್ಷ್ಮಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಒಳಗೆ ಬಂದರು. ಹಿಂದೆಯೇ ತಾಯಿ ಪುಟ್ಟಮ್ಮ. ಮದುವೆಮನೆಗಳಲ್ಲಿ ಸೋಬಾನೆ ಹಾಡುತ್ತಿದ್ದ ಪುಟ್ಟಮ್ಮನ ದನಿ ಗಂಟಲಿನ ಆಪರೇಷನ್ ಆದಮೇಲೆ ನಿಂತೇಹೋಗಿತ್ತು.

"ಅಣ್ಣ, ಅವ್ವನ ಹಾಡು ಇದ್ರಲ್ಲೇ ಐತೆ, ದಿನಾ ಕೇಳ್ತೀನಿ. ಬೇಗ್ನೆ ಪೆನ್‌ಡ್ರೈವ್‌ಗೆ ಹಾಕ್ಕೊಡಿ. ಅವ್ವನ ಹಾಡು ರೆಕಾರ್ಡ್ ಮಾಡಿ ಹಾಕಿದ್ದ ಇಂಟರ್ನೆಟ್ ರೇಡಿಯೋನ ಇವತ್ತು ಸಂಜೆಗೆ ಮುಚ್ಬುಡ್ತಾರಂತೆ."

"ಡೌನ್‌ಲೋಡ್ ಮಾಡ್ಕೊಂಡಿದ್ದೀರಾ?"

"ಹಂಗಂದ್ರೆ? ಒತ್ತಿದ್ರೆ ಹಾಡ್ತದಲ್ಲ!"

ಹುಡುಕಿದೆ. ಒಂದು ಫೈಲೂ ಇರಲಿಲ್ಲ. ಹಾಡು ಹಾಕಿ, ವೈಫೈ ಆಫ್ ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ಹಾಡಿ ನಿಂತುಬಿಟ್ಟಿತು. ಜಯಲಕ್ಷ್ಮಿಯ ಮುಖ ಬಿಳಿಚಿಕೊಂಡಿತು.

ಇದು ಸ್ಟ್ರೀಮಿಂಗ್. ಹಾಡು ಇರುವುದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ; ಅಲ್ಲಿಂದ ತುಣುಕು ತುಣುಕಾಗಿ ಬಂದು, ಕೇಳಿಸಿ, ಅಳಿಸಿಹೋಗುತ್ತದೆ. ಮುಂದಿನ ಒಂದಷ್ಟು ತುಣುಕನ್ನು ಮೊದಲೇ ತಂದಿಟ್ಟುಕೊಳ್ಳುವುದಕ್ಕೆ ಬಫರ್ ಎನ್ನುತ್ತೇವೆ; ವೈಫೈ ಹೋದಮೇಲೂ ಹಾಡಿದ್ದು ಅದೇ. ಡೌನ್‌ಲೋಡ್ ಮಾಡಿದ್ದರೆ ಇಡೀ ಫೈಲ್ ಲ್ಯಾಪ್‌ಟಾಪಿನಲ್ಲೇ ಉಳಿದು, ನೆಟ್ ಇಲ್ಲದೆಯೂ ಹಾಡುತ್ತಿತ್ತು. ಆ ಸೈಟಿನಲ್ಲಿ ಡೌನ್‌ಲೋಡ್ ಬಟನ್ನೇ ಇರಲಿಲ್ಲ.

ರೇಡಿಯೋ ನಡೆಸುತ್ತಿದ್ದವರಿಗೆ ಫೋನ್ ಮಾಡಿದೆ. ಮೂಲ ಫೈಲ್‌ಗಳಿದ್ದ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಸರ್ವರ್ ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟು ಹೋಗಿದ್ದರಿಂದ ಅದರ ಪಾಸ್‌ವರ್ಡ್ ಕೂಡ ಅವರ ಬಳಿ ಇರಲಿಲ್ಲ. "ಹಾಡೋವಾಗ್ಲೇ ರೆಕಾರ್ಡ್ ಮಾಡ್ಕೊಳಿ ಸಾರ್, ನಮ್ಮ ಅಭ್ಯಂತರ ಇಲ್ಲ," ಎಂದರು.

ಹಾಗೆ ಮಾಡಿದರೆ ಹಾಡು ಎಷ್ಟುದ್ದವೋ ಅಷ್ಟು ಹೊತ್ತೂ ಕಾಯಬೇಕು. ನೆಟ್ ತಡವರಿಸಿದರೆ ಹಾಡೂ ತುಂಡು. ಮೊದಲನೆಯದೇ ಎರಡು ಸಲ ತುಂಡಾಯಿತು. ಅಂಗಡಿಯ ನೆಟ್ ಬಿಟ್ಟು ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದೆ. ಗಿರಾಕಿಗಳನ್ನು ಬಾಗಿಲಲ್ಲೇ ವಾಪಸು ಕಳಿಸಿದೆ. ಜಯಲಕ್ಷ್ಮಿ ಕೂರಲಾರದೆ ಬಾಗಿಲಿಗೂ ಮೇಜಿಗೂ ಅಲೆದಾಡುತ್ತಿದ್ದರು. "ಇನ್ನೂ ಎಷ್ಟೈತಣ್ಣ?" ಬಫರ್ ಖಾಲಿಯಾಗಿ ಪರದೆಯ ಮೇಲೆ ಚಕ್ರ ಸುತ್ತತೊಡಗಿದರೆ ಸಾಕು, ನಾನು ಫೋನನ್ನು ಬಾಗಿಲ ಬಳಿ ಎತ್ತಿ ಹಿಡಿಯುತ್ತಿದ್ದೆ.

ನಾಲ್ಕು ಹಾಡು ಸಿಕ್ಕವು. ಕೊನೆಯ ಐದನೆಯದು, ಹೆಣ್ಣೊಪ್ಪಿಸುವ ಹಾಡು, ಅರ್ಧಕ್ಕೇ ನಿಂತಿತು. ಮತ್ತೆ ಮತ್ತೆ ಒತ್ತಿದೆ. ಪುಟ ತೆರೆಯಲೇ ಇಲ್ಲ; ಸಂಜೆಯಾಗಿತ್ತು, ರೇಡಿಯೋ ಮುಚ್ಚಿಬಿಟ್ಟಿದ್ದರು.

"ಹೋಯ್ತಲ್ಲಣ್ಣ," ಎಂದು ಜಯಲಕ್ಷ್ಮಿ ಕುಸಿದು ಕೂತರು.

ಪುಟ್ಟಮ್ಮ ಮಗಳ ಗದ್ದ ಹಿಡಿದು ತಮ್ಮತ್ತ ತಿರುಗಿಸಿಕೊಂಡರು. ದನಿಯಿಲ್ಲದೆ, ಬರೀ ತುಟಿಯಲ್ಲಿ ಮುಂದಿನ ಸಾಲು ಹೇಳಿದರು. ತೊಡೆಯ ಮೇಲೆ ಕೈ ತಾಳ ಹಾಕುತ್ತಿತ್ತು. ಜಯಲಕ್ಷ್ಮಿ ಆ ತುಟಿಯನ್ನೇ ನೋಡುತ್ತ, ಅಳುತ್ತಲೇ ಹಾಡತೊಡಗಿದರು. ನಾನು ಮೈಕ್ ಹತ್ತಿರ ಸರಿಸಿ ರೆಕಾರ್ಡ್ ಒತ್ತಿದೆ.

ಕೆಟ್ಟಿದ್ದನ್ನು ಸರಿಮಾಡುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಈಗ ಕೀಬೋರ್ಡ್ ಕೊಳ್ಳಲು ಬಂದವರನ್ನೂ ಕೇಳುತ್ತೇನೆ: "ನಿಮ್ಮೋರ ದನಿ ಬರೀ ನೆಟ್‌ನಲ್ಲಿ ಐತಾ? ಇವತ್ತೇ ಇಳಿಸ್ಕೊಬುಡಿ."