ಒಲೆ ಆರಿಸಿದ ದಿನ

ರೇಷ್ಮೆಗೆ ಒಳ್ಳೆಯ ಕಾಲವಿದ್ದಾಗ ರಾಮನಗರದ ನಮ್ಮ ಗಲ್ಲಿಯಲ್ಲಿ ಮನೆಮನೆಗೂ ಗೂಡು ಬೇಯಿಸಿ ನೂಲು ತೆಗೆಯುವ ಒಲೆಯಿತ್ತು. ಆಮೇಲೆ ಒಂದೊಂದೇ ಆರಿ, ಪಕ್ಕದ ಮನೆಯ ಸಾಹೇಬರದು ಮಾತ್ರ ಉಳಿಯಿತು. ಇನ್ನು ಬೆಂಗಳೂರಿನವರು ಬಂದು ಈ ಗಲ್ಲಿಯನ್ನು ಕೊಂಡು ಚಂದ ಮಾಡುತ್ತಾರೆಂದು ಲೆಕ್ಕ ಹಾಕಿದ ಮಹಾಬುದ್ಧಿವಂತ ನಾನು. ಅವರಿಗೆ ಹಿಡಿಸಲೆಂದು ನನ್ನ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸಿದೆ, ಗೋಡೆಗೆ ಗಿಳಿಹಸಿರು ಬಳಿಸಿದೆ.

ನನ್ನ ಈ ಭವಿಷ್ಯವಾಣಿ ಶುರುವಾದಾಗಲೆಲ್ಲ ಸಾಹೇಬರು ರೇಷ್ಮೆಗೂಡೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಹುಳ ನೆಟ್ಟಗಿದೆಯೋ ಇಲ್ಲವೋ ಎಂದು ಸದ್ದು ಕೇಳುತ್ತ, "ಅಳ್ಳಾಡ್ಸಿ ನೋಡ್ಬೇಕು ಸಾರ್," ಎನ್ನುತ್ತಿದ್ದರು.

ಕೊನೆಗೊಂದು ದಿನ ಗಲ್ಲಿ ನೋಡಲು ಬೆಂಗಳೂರಿನವರೊಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಬೇಯುವ ಗೂಡಿನ ವಾಸನೆಗೆ ಓಡಿಹೋದಾರೆಂದು ಹೆದರಿ, "ಇವತ್ತೊಂದಿನ ಒಲೆ ಆರಿಸ್ಬಿಡಿ ಸಾಹೇಬ್ರೆ," ಎಂದು ಕೈಮುಗಿದೆ.

"ಅದಕ್ಕೇನಂತೆ, ಬುಡಿ," ಎಂದು ಆರಿಸಿಯೇಬಿಟ್ಟರು.

ಬಂದವರು ನನ್ನ ಮನೆ ದಾಟಿ ಸಾಹೇಬರ ಹೆಂಚಿನ ಮನೆಯ ಮುಂದೆ ನಿಂತರು. "ನೂಲು ತೆಗೆಯೋದು ನೋಡೋಣ ಅಂತಲೇ ಬಂದೆ, ಒಲೆ ಯಾಕೆ ಆರಿದೆ?" ಎಂದರು. ಆಮೇಲೆ ತಿರುಗಿ, "ಇಷ್ಟು ಚಂದದ ಗಲ್ಲೀಲಿ ಆ ಹಸಿರು ಮನೆ ಯಾರದು?" ಎಂದು ಮುಖ ಕಿವಿಚಿದರು.

ನಾನು ಆಕಾಶ ನೋಡಿದೆ. ಸಾಹೇಬರು ಬುಟ್ಟಿಯಿಂದ ಗೂಡೊಂದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು.

"ಯಾರದೋ ಗೊತ್ತಿಲ್ಲ ಸಾರ್. ಪಾಪ, ಒಳ್ಳೇ ಮನುಷ್ಯ ಅಂತಾರೆ."